14 ದೊಡ್ಡದಾ, 42 ದೊಡ್ಡದಾ?

(ಸಂಶೋಧಕರ ಕೆಲಸವನ್ನು ಅಂಕಿಗಳಲ್ಲಿ ಅಳೆಯುವುದರ ಬಗ್ಗೆ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಹೆಚ್ಚು ತಿದ್ದಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಬಿಡಿಸಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಬೋರ್ಡಿನ ಮೇಲೆ ಎರಡು ಸಂಖ್ಯೆ ಬರೆಯುತ್ತೇನೆ. ಒಂದು 14, ಇನ್ನೊಂದು 42. ಇಬ್ಬರು ಸಂಶೋಧಕರ ಎಚ್-ಇಂಡೆಕ್ಸ್ ಇವು. ಹಾಗಂದರೆ ಏನು ಅಂತ ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಆಮೇಲೆ ಹೇಳುತ್ತೇನೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಸದ್ಯಕ್ಕೆ ಇಟ್ಟುಕೊಳ್ಳಿ. ಇರುವುದು ಒಂದೇ ಫೆಲೋಶಿಪ್. ಯಾರಿಗೆ ಕೊಡುತ್ತೀರಿ? ಕೈ ಎತ್ತಿ.

ಬಹುತೇಕ ಎಲ್ಲ ಕೈಗಳೂ 42ಕ್ಕೇ ಎದ್ದವು. ಈಗ ಒಂದೇ ಒಂದು ವಿಷಯ ಸೇರಿಸುತ್ತೇನೆ. 14 ಇರುವವರು ಗಣಿತದವರು. 42 ಇರುವವರು ಜೀವಕೋಶಗಳ ಮೇಲೆ ಕೆಲಸ ಮಾಡುವವರು. ಕೆಲವು ಕೈ ಕೆಳಗಿಳಿದವು, ಅಲ್ವಾ? ಇಳಿಸಿದವರಿಗೆ ವಿಷಯ ಅರ್ಧ ಗೊತ್ತಿದೆ. ಇನ್ನರ್ಧ ಮಾತಾಡೋಣ.

ನಾನು ವಿಜ್ಞಾನಿ ಅಲ್ಲ. ಸಂಶೋಧನಾ ಸಂಸ್ಥೆಯೊಂದರ ಲೈಬ್ರರಿಯಲ್ಲಿ ಕೆಲಸ. ಬಡ್ತಿ, ಪ್ರಶಸ್ತಿ, ಅನುದಾನ ಅಂತ ಏನೇ ಬಂದರೂ ಸಮಿತಿಯವರು ಒಂದು ಮಾತು ಹೇಳಿ ಕಳಿಸುತ್ತಾರೆ: "ಇವರ ಪಬ್ಲಿಕೇಶನ್ ಡಿಟೇಲ್ಸ್ ಸ್ವಲ್ಪ ತೆಗೆದುಕೊಡಿ." ಆ ಸ್ವಲ್ಪ ತೆಗೆದುಕೊಡುವುದೇ ನನ್ನ ಕೆಲಸ. ಎಷ್ಟು ಪೇಪರ್ (ಅಂದರೆ ಸಂಶೋಧನಾ ಲೇಖನ), ಯಾರ ಜೊತೆ, ಎಷ್ಟು ಜನ ಉಲ್ಲೇಖಿಸಿದ್ದಾರೆ, ಎಲ್ಲ ಸೇರಿ ಒಂದು ಪುಟ. ಆ ಒಂದು ಪುಟದ ಹಿಂದೆ ಎಷ್ಟು ಸಣ್ಣ ಸಣ್ಣ ತೀರ್ಮಾನಗಳಿರುತ್ತವೆ ಅಂತ ಪುಟ ಓದುವವರಿಗೆ ಗೊತ್ತೇ ಆಗುವುದಿಲ್ಲ. ನನಗೂ ಬಹಳ ವರ್ಷ ಗೊತ್ತಿರಲಿಲ್ಲ.

ಸೈಟೇಶನ್ ಅಂದರೆ ಏನು? ನಾನು ಒಂದು ಪೇಪರ್ ಬರೆಯುತ್ತೇನೆ. ಅದರಲ್ಲಿ ನಿಮ್ಮ ವಿಧಾನ ಬಳಸಿದ್ದೇನೆ, ಅಥವಾ ನಿಮ್ಮ ತೀರ್ಮಾನ ಒಪ್ಪಿದ್ದೇನೆ, ಅಥವಾ ಅದರ ಜೊತೆ ಜಗಳ ತೆಗೆದಿದ್ದೇನೆ. ಕೊನೆಯ ಪಟ್ಟಿಯಲ್ಲಿ ನಿಮ್ಮ ಪೇಪರಿನ ಹೆಸರು ಹಾಕುತ್ತೇನೆ. ನಿಮಗೆ ಒಂದು ಸೈಟೇಶನ್ ಬಂತು. ಅಷ್ಟೇ. ಈ ಪಟ್ಟಿಗಳನ್ನೆಲ್ಲ ತಿರುಗಿಸಿ ಜೋಡಿಸಿದರೆ, ಅಂದರೆ ಯಾರು ಯಾರನ್ನು ಹೆಸರಿಸಿದರು ಅನ್ನುವುದರ ಬದಲು ಯಾರನ್ನು ಯಾರೆಲ್ಲ ಹೆಸರಿಸಿದರು ಅಂತ ಜೋಡಿಸಿದರೆ, ಸೈಟೇಶನ್ ಇಂಡೆಕ್ಸ್ ಸಿಗುತ್ತದೆ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಈ ಉಪಾಯ ಬರೆದರು. ವಕೀಲರ ಲೋಕದಲ್ಲಿ ಇಂಥದ್ದು ಆಗಲೇ ಇತ್ತು. ಹಳೆಯ ತೀರ್ಪೊಂದನ್ನು ಆಮೇಲಿನ ಯಾವ ತೀರ್ಪುಗಳು ಎತ್ತಿಹಿಡಿದವು, ಯಾವುವು ತಳ್ಳಿಹಾಕಿದವು ಅಂತ ತೋರಿಸುವ ಶೆಪರ್ಡ್ಸ್ ಸೈಟೇಶನ್ಸ್ ಅನ್ನುವ ಪಟ್ಟಿ 1873ರಿಂದ ಅಲ್ಲಿ ಬರುತ್ತಿತ್ತು. ಗಾರ್ಫೀಲ್ಡ್ ಅದನ್ನು ವಿಜ್ಞಾನಕ್ಕೆ ತಂದರು. 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಹೊರಬಂತು.

ಇದರಲ್ಲಿ ನನಗೆ ತುಂಬ ಹಿಡಿಸುವ ವಿಷಯ ಒಂದಿದೆ. 1955ರ ಆ ಬರಹದಲ್ಲಿ ವಿಜ್ಞಾನಿಗಳಿಗೆ ಮಾರ್ಕ್ಸ್ ಹಾಕುವುದು ಮುಖ್ಯ ಉದ್ದೇಶವೇ ಆಗಿರಲಿಲ್ಲ. ತಪ್ಪು ಮಾಹಿತಿ ಇರುವ, ಹಳಸಿದ ಪೇಪರನ್ನು ಗೊತ್ತಿಲ್ಲದೆ ಜನ ಉಲ್ಲೇಖಿಸುತ್ತಾ ಹೋಗಬಾರದು, ಅದಕ್ಕೆ ಬಂದ ಟೀಕೆಯೂ ಕೈಗೆ ಸಿಗಬೇಕು, ಅದು ಆಸೆ. ಹುಡುಕಲು ಮಾಡಿದ ಸಲಕರಣೆ ನಿಧಾನವಾಗಿ ತೂಗುವ ತಕ್ಕಡಿ ಆಯಿತು.

ಈಗ ಎಣಿಕೆಗೆ ಬರೋಣ. ಪೇಪರ್ ಎಣಿಸುವುದು ಸುಲಭ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಪೇಪರ್ ಅಂದರೆ ಯಾವುದು? ಕಂಪ್ಯೂಟರ್ ವಿಜ್ಞಾನದವರು ತಮ್ಮ ಒಳ್ಳೆಯ ಕೆಲಸವನ್ನು ಸಮ್ಮೇಳನಗಳಲ್ಲಿ ಮಂಡಿಸುತ್ತಾರೆ. ಅಲ್ಲಿ ಕೆಲವು ಸಮ್ಮೇಳನಗಳಲ್ಲಿ ಜಾಗ ಸಿಗುವುದು ಜರ್ನಲ್‌ಗಿಂತ, ಅಂದರೆ ಸಂಶೋಧನಾ ಪತ್ರಿಕೆಗಿಂತ, ಕಷ್ಟ. ಬೇರೆ ಹಲವು ವಿಷಯಗಳಲ್ಲಿ ಸಮ್ಮೇಳನದ ಪೇಪರ್ ಅಂದರೆ ಸುಮ್ನೆ ಒಂದು ಪುಟದ ಸಾರಾಂಶ. ಇತಿಹಾಸದವರು ಹತ್ತು ವರ್ಷ ಕೂತು ಒಂದು ಪುಸ್ತಕ ಬರೆಯುತ್ತಾರೆ. ಪುಸ್ತಕಗಳ ವಿಷಯದಲ್ಲಿ ಡೇಟಾಬೇಸ್‌ಗಳಿಗೆ ಮೊದಲಿನಿಂದಲೂ ಕಣ್ಣು ಮಂಜು. ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಬರೆದಿದ್ದರಂತೂ ಮುಗಿದೇ ಹೋಯಿತು. ಹತ್ತು ವರ್ಷದ ಪುಸ್ತಕ ಒಂದು ಸಾಲು. ಹತ್ತು ವರ್ಷದಲ್ಲಿ ಪ್ರಯೋಗಾಲಯದ ಗುಂಪೊಂದು ಬರೆದ 60 ಪೇಪರ್ ಅರವತ್ತು ಸಾಲು.

ಒಂದೇ ಪ್ರಯೋಗವನ್ನು ಹರಿದು ಮೂರು ಪೇಪರ್ ಮಾಡುವವರೂ ಇದ್ದಾರೆ. ಅದು ನಿಮಗೆಲ್ಲ ಗೊತ್ತಿರುವುದೇ, ಅಲ್ಲಿ ನಿಲ್ಲುವುದಿಲ್ಲ.

ಆಲ್ಫ್ರೆಡ್ ಲೋಟ್ಕಾ ಅನ್ನುವವರು 1926ರಲ್ಲೇ ಕೂತು ಯಾರು ಎಷ್ಟು ಪೇಪರ್ ಬರೆದಿದ್ದಾರೆ ಅಂತ ಎಣಿಸಿದ್ದರು. ಒಂದು ಪೇಪರ್ ಬರೆದವರು ನೂರು ಜನ ಇದ್ದರೆ, ಎರಡು ಬರೆದವರು ಸುಮಾರು ಅದರ ಕಾಲು ಭಾಗ, ಮೂರು ಬರೆದವರು ಒಂಬತ್ತನೇ ಒಂದು ಭಾಗ, ಹೀಗೆ ಇಳಿಯುತ್ತಾ ಹೋಗುತ್ತದೆ. ಒಂದೇ ಪೇಪರ್ ಬರೆದು ನಿಂತವರೇ ನೂರಕ್ಕೆ ಅರವತ್ತು. ಹಾಗಾಗಿ 'ಸರಾಸರಿ ಸಂಶೋಧಕ' ಅಂತ ಯಾರಾದರೂ ಹೇಳಿದರೆ ನಾನು ಸ್ವಲ್ಪ ಹುಷಾರಾಗುತ್ತೇನೆ. ಇಲ್ಲಿ ಬಹುಪಾಲು ಜನ ಸರಾಸರಿಗಿಂತ ಕೆಳಗೇ ಇರುತ್ತಾರೆ. ಬೆರಳೆಣಿಕೆಯ ಕೆಲವರು ಅದನ್ನು ಮೇಲಕ್ಕೆ ಎಳೆದಿರುತ್ತಾರೆ.

ಎಣಿಸುವುದರಲ್ಲಿ ನಾನೇ ಮಾಡಿದ ಎಡವಟ್ಟು ಒಂದಿದೆ, ಹೇಳಿಬಿಡುತ್ತೇನೆ. ಮಣ್ಣಿನ ವಿಜ್ಞಾನದವರೊಬ್ಬರ ಪಟ್ಟಿ ತೆಗೆಯಬೇಕಿತ್ತು. ಒಂದು ಇನಿಶಿಯಲ್, ತುಂಬ ಜನಕ್ಕೆ ಇರುವಂಥ ಹೆಸರು. ಡೇಟಾಬೇಸ್‌ನಲ್ಲಿ ಹೆಸರು ಹೊಡೆದೆ, 90 ಚಿಲ್ಲರೆ ಪೇಪರ್ ಬಂತು, ಪ್ರಿಂಟ್ ತೆಗೆದು ಕೊಟ್ಟೆ. ಸಮಿತಿಯಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಮೇಲೆ ಸರಿಸಿ ನಿಧಾನವಾಗಿ ಓದಿದರು. ಆಮೇಲೆ ನನ್ನನ್ನು ಕರೆಸಿ ಕೇಳಿದರು: "ಇವರು ಮಣ್ಣಿನ ಮೇಲೆ ಕೆಲಸ ಮಾಡೋರು ತಾನೇ? ಮೊಣಕಾಲು ಚಿಪ್ಪಿನ ಆಪರೇಷನ್ ಬಗ್ಗೆ ಯಾಕೆ ಬರೆದಿದ್ದಾರೆ?" ಅದೇ ಹೆಸರಿನ, ಅದೇ ಇನಿಶಿಯಲ್ಲಿನ ಮೂಳೆ ಡಾಕ್ಟರರೊಬ್ಬರು ಇದ್ದರು. ಅವರ ಮೂವತ್ತಕ್ಕೂ ಜಾಸ್ತಿ ಪೇಪರ್ ಇವರ ಖಾತೆಗೆ ಬಿದ್ದಿತ್ತು. ಆ ಹಿರಿಯರು ನಕ್ಕು ಬಿಟ್ಟರು. ನಾನು ಅವತ್ತು ಊಟ ಮಾಡಲಿಲ್ಲ.

ಈ ಹೆಸರಿನ ಗೋಜಲು ಸಣ್ಣದಲ್ಲ. ಚೀನೀ ಲಿಪಿಯಲ್ಲಿ ಬೇರೆ ಬೇರೆಯಾಗಿ ಕಾಣುವ ಹತ್ತಾರು ಹೆಸರುಗಳು ರೋಮನ್ ಲಿಪಿಗೆ ಬಂದಾಗ ಒಂದೇ ಆಗಿಬಿಡುತ್ತವೆ. ಮದುವೆಯಾದ ಮೇಲೆ ಹೆಸರು ಬದಲಿಸಿಕೊಂಡವರ ಅರ್ಧ ಬದುಕು ಒಂದು ಹೆಸರಲ್ಲಿ, ಅರ್ಧ ಇನ್ನೊಂದರಲ್ಲಿ. ಇನಿಶಿಯಲ್ ಹಿಂದೆ ಮುಂದೆ ಆದರೂ ಸಾಕು, ಒಬ್ಬರು ಇಬ್ಬರಾಗುತ್ತಾರೆ. ಇದಕ್ಕಾಗಿಯೇ 2012ರಲ್ಲಿ ಆರ್ಕಿಡ್ ಅನ್ನುವ 16 ಅಂಕಿಯ ಗುರುತು ಸಂಖ್ಯೆ ಬಂತು. ಪುಕ್ಕಟೆ. ಇಲ್ಲಿ ಕೂತ ವಿದ್ಯಾರ್ಥಿಗಳಲ್ಲಿ ಇನ್ನೂ ಮಾಡಿಸಿಕೊಳ್ಳದವರು ಇದ್ದರೆ ಇವತ್ತು ರಾತ್ರಿ ಮಾಡಿಸಿಕೊಳ್ಳಿ. ನನ್ನಂಥವರ ಕೈಗೆ ಸಿಕ್ಕಿ ಮೂಳೆ ಡಾಕ್ಟರ್ ಆಗುವುದು ತಪ್ಪುತ್ತದೆ.

ಸರಿ, ಎಚ್-ಇಂಡೆಕ್ಸ್. 2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಹೇಳಿದ ಲೆಕ್ಕ ಇದು. ಒಬ್ಬರ ಪೇಪರ್‌ಗಳನ್ನು ಸೈಟೇಶನ್ ಜಾಸ್ತಿ ಇರುವುದರಿಂದ ಕಡಿಮೆಗೆ ಜೋಡಿಸಿ. ನಾನು ಇಲ್ಲಿ ಒಂಬತ್ತು ಪೇಪರ್ ಬರೆಯುತ್ತೇನೆ: 48, 33, 20, 9, 6, 5, 2, 1, 0. ಈಗ ಬೆರಳಿಟ್ಟು ಕೆಳಗೆ ಬನ್ನಿ. ಮೊದಲನೆಯದಕ್ಕೆ ಕನಿಷ್ಠ 1 ಇದೆಯಾ? ಇದೆ. ಎರಡನೆಯದಕ್ಕೆ ಕನಿಷ್ಠ 2? ಇದೆ. ಮೂರನೆಯದಕ್ಕೆ 3, ನಾಲ್ಕನೆಯದಕ್ಕೆ 4, ಸರಿ. ಐದನೆಯದಕ್ಕೆ 5 ಬೇಕು, 6 ಇದೆ. ಆರನೆಯದಕ್ಕೆ 6 ಬೇಕು, ಇರುವುದು 5. ನಿಂತಿತು. ಇವರ ಎಚ್-ಇಂಡೆಕ್ಸ್ 5.

ಈಗ ಮೊದಲನೆಯ 48ನ್ನು ಅಳಿಸಿ 4,800 ಬರೆಯುತ್ತೇನೆ. ಜಗತ್ತೇ ತಿರುಗಿ ನೋಡಿದ ಪೇಪರ್ ಅಂತ ಇಟ್ಟುಕೊಳ್ಳಿ. ಎಚ್-ಇಂಡೆಕ್ಸ್ ಎಷ್ಟು? ಅದೇ 5. ಕದಲಲಿಲ್ಲ. ಪ್ರೋಟೀನ್ ಅಳೆಯುವ ವಿಧಾನದ ಬಗ್ಗೆ ಆಲಿವರ್ ಲೌರಿ ಮತ್ತು ಸಂಗಡಿಗರು 1951ರಲ್ಲಿ ಬರೆದ ಪೇಪರಿಗೆ ಮೂರು ಲಕ್ಷಕ್ಕೂ ಜಾಸ್ತಿ ಸೈಟೇಶನ್ ಇದೆ. ಎಚ್-ಇಂಡೆಕ್ಸ್ ಲೆಕ್ಕದಲ್ಲಿ ಅದೂ ಒಂದೇ ಪೇಪರ್. ಹಿರ್ಷ್ ಬೇಕೆಂದೇ ಹಾಗೆ ಮಾಡಿದ್ದು. ಒಂದೇ ಒಂದು ಅದೃಷ್ಟದ ಪೇಪರಿನಿಂದ ಯಾರೂ ಮೇಲೆ ಹೋಗಬಾರದು, ಸುಮ್ನೆ ರಾಶಿ ರಾಶಿ ಬರೆದೂ ಮೇಲೆ ಹೋಗಬಾರದು ಅಂತ. ಜಾಣತನದ ಲೆಕ್ಕವೇ. ಆದರೆ ಈ ಸಂಖ್ಯೆ ಒಮ್ಮೆ ಏರಿದರೆ ಇಳಿಯುವುದಿಲ್ಲ. ಸಂಶೋಧನೆ ಬಿಟ್ಟು ಮನೆಯಲ್ಲಿ ಕೂತರೂ ಏರುತ್ತದೆ. ಸತ್ತ ಮೇಲೂ ಏರುತ್ತದೆ. ವಯಸ್ಸಾದವರಿಗೆ ಜಾಸ್ತಿ, ಹೊಸಬರಿಗೆ ಕಡಿಮೆ. ಇಷ್ಟಾದರೂ ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗ ಇದನ್ನೇ ಕೇಳುತ್ತಾರೆ. ಇದರಿಂದ ಕೆಟ್ಟ ಪರಿಣಾಮಗಳೂ ಆಗಿವೆ ಅಂತ 2020ರಲ್ಲಿ ಹಿರ್ಷ್ ಅವರೇ ಬರೆದರು.

ಇನ್ನೊಂದು ವಿಷಯ. ಎಚ್-ಇಂಡೆಕ್ಸ್ ಎಷ್ಟು ಅಂತ ಕೇಳಿದರೆ, ಎಲ್ಲಿಯದು ಅಂತ ನಾನು ತಿರುಗಿ ಕೇಳುತ್ತೇನೆ. ವೆಬ್ ಆಫ್ ಸೈನ್ಸ್‌ನಲ್ಲಿ ಒಂದು, ಸ್ಕೋಪಸ್‌ನಲ್ಲಿ ಒಂದು, ಗೂಗಲ್ ಸ್ಕಾಲರ್‌ನಲ್ಲಿ ಮತ್ತೊಂದು. ಮೂರೂ ಸೈಟೇಶನ್ ಎಣಿಸುವ ಡೇಟಾಬೇಸ್‌ಗಳು. ಮೊದಲೆರಡು ಆಯ್ದ ಜರ್ನಲ್, ಸಮ್ಮೇಳನ, ಪುಸ್ತಕಗಳನ್ನು ಮಾತ್ರ ನೋಡುತ್ತವೆ. ಗೂಗಲ್ ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹಾಕಿದ ಕರಡು), ಯಾರೋ ಅಪ್‌ಲೋಡ್ ಮಾಡಿದ ಪಿಡಿಎಫ್, ಎಲ್ಲವನ್ನೂ ಬಾಚಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ದೊಡ್ಡದು. ಬಯೋಡೇಟಾದಲ್ಲಿ ಎಲ್ಲರೂ ಅದನ್ನೇ ಹಾಕುತ್ತಾರೆ, ಯಾಕೆ ಅಂತ ಹೇಳಬೇಕಿಲ್ಲ.

ಫ್ರಾನ್ಸಿನ ಸಿರಿಲ್ ಲಬ್ಬೆ 2010ರಲ್ಲಿ ಇದನ್ನು ಪರೀಕ್ಷಿಸಿಯೇ ನೋಡಿದರು. ಐಕ್ ಆಂಟ್‌ಕೇರ್ ಅಂತ ಇಲ್ಲದ ಮನುಷ್ಯನನ್ನು ಸೃಷ್ಟಿಸಿದರು. ಅರ್ಥವಿಲ್ಲದ ವಾಕ್ಯಗಳನ್ನು ತಾನೇ ಹೆಣೆಯುವ ಪ್ರೋಗ್ರಾಂ ಒಂದಿತ್ತು. ಅದರಿಂದ ನೂರರಷ್ಟು ಪೇಪರ್ ತಯಾರಿಸಿ, ಅವು ಒಂದನ್ನೊಂದು ಉಲ್ಲೇಖಿಸುವಂತೆ ಮಾಡಿ, ವೆಬ್‌ನಲ್ಲಿಟ್ಟರು. ಸ್ವಲ್ಪ ದಿನದಲ್ಲಿ ಐಕ್ ಮಹಾಶಯರ ಎಚ್-ಇಂಡೆಕ್ಸ್ 94 ಆಯಿತು. ಆಗಿನ ಲೆಕ್ಕದಲ್ಲಿ ಐನ್‌ಸ್ಟೈನ್ ಅವರಿಗಿಂತ ಮುಂದೆ.

ಇನ್ನು ಬೋರ್ಡಿನ 14 ಮತ್ತು 42ಕ್ಕೆ ವಾಪಸ್ ಬರುತ್ತೇನೆ. ಗಣಿತದವರಿಗೆ ಸೈಟೇಶನ್ ಯಾಕೆ ಕಡಿಮೆ? 'ಅಲ್ಲಿ ಜನ ಕಡಿಮೆ' ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನೂ ಹಾಗೇ ಹೇಳುತ್ತಿದ್ದೆ. ಅದು ಸರಿಯಲ್ಲ. ಒಂದು ಕೋಣೆ ಕಲ್ಪಿಸಿಕೊಳ್ಳಿ. ಒಳಗೆ 100 ಪೇಪರ್. ಪ್ರತಿಯೊಂದೂ ಕೋಣೆಯ ಒಳಗಿನ 10 ಪೇಪರ್‌ಗಳನ್ನು ಉಲ್ಲೇಖಿಸುತ್ತದೆ. ಒಟ್ಟು ಕೊಟ್ಟಿದ್ದು 1,000. ಕೊಟ್ಟಿದ್ದೆಲ್ಲ ಯಾರಿಗೋ ಸಿಗಲೇಬೇಕಲ್ಲ? 100 ಪೇಪರಿಗೆ 1,000, ಸರಾಸರಿ 10. ಈಗ ಕೋಣೆಗೆ ಇನ್ನೂ 100 ಪೇಪರ್ ತನ್ನಿ. ಕೊಟ್ಟಿದ್ದು 2,000, ಹಂಚಿಕೊಳ್ಳುವವರು 200, ಸರಾಸರಿ ಮತ್ತೆ 10. ಜನ ಜಾಸ್ತಿಯಾದರೆ ಕೊಡುವವರೂ ಜಾಸ್ತಿ, ಪಾಲಿಗೆ ಬರುವವರೂ ಜಾಸ್ತಿ. ಸರಾಸರಿ ಬದಲಾಗಬೇಕಾದರೆ ಪ್ರತಿಯೊಬ್ಬರೂ ಎಷ್ಟು ಕೊಡುತ್ತಾರೆ ಅನ್ನುವುದು ಬದಲಾಗಬೇಕು. ಜೀವವಿಜ್ಞಾನದ ಪೇಪರಿನ ಕೊನೆಗೆ 50, 60 ಉಲ್ಲೇಖ ಇರುವುದು ಮಾಮೂಲು. ಗಣಿತದ ಪೇಪರಿನ ಪಟ್ಟಿ ಅದಕ್ಕಿಂತ ಎಷ್ಟೋ ಚಿಕ್ಕದು. ಜನಸಂಖ್ಯೆಯಿಂದ ಏರುವುದು ತುತ್ತತುದಿಯ ಪೇಪರ್‌ಗಳ ಎತ್ತರ. ದೊಡ್ಡ ಕ್ಷೇತ್ರದಲ್ಲಿ ಒಬ್ಬೊಬ್ಬರಿಗೆ ಸಾವಿರಾರು ಸಿಗಬಹುದು, ಸಣ್ಣ ಕ್ಷೇತ್ರದಲ್ಲಿ ಆಕಾಶವೇ ಕೆಳಗಿದೆ.

ಎರಡನೆಯ ಕಾರಣ ವೇಗ. ವೈದ್ಯಕೀಯದಲ್ಲಿ ಹೋದ ವರ್ಷದ ಪೇಪರನ್ನು ಈ ವರ್ಷ ಉಲ್ಲೇಖಿಸುತ್ತಾರೆ. ಗಣಿತದಲ್ಲಿ ಮೂವತ್ತು ವರ್ಷ ಹಳೆಯ ಪ್ರಮೇಯ ಇವತ್ತೂ ಹೊಸದೇ. ಜರ್ನಲ್‌ಗೆ ಹಾಕುವ ಅಂಕಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನುತ್ತಾರೆ. ಅದು ನೋಡುವುದು ಹಿಂದಿನ ಎರಡೇ ವರ್ಷದ ಪೇಪರ್‌ಗಳಿಗೆ ಈ ವರ್ಷ ಬಂದ ಸರಾಸರಿ ಸೈಟೇಶನ್. ಗಣಿತದ ಜರ್ನಲ್‌ಗೆ ಅದು ಬಿತ್ತಿದ ಮಾರನೇ ದಿನ ಹೊಲಕ್ಕೆ ಹೋಗಿ ಬೆಳೆ ಎಲ್ಲಿ ಅಂತ ಕೇಳಿದ ಹಾಗೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಬಗ್ಗೆ ಒಂದು ಕಥೆ ಸಾಕು. 2008ರಲ್ಲಿ ಜಾರ್ಜ್ ಶೆಲ್ಡ್ರಿಕ್ ತಮ್ಮ ಸ್ಫಟಿಕ ವಿಶ್ಲೇಷಣೆಯ ಸಾಫ್ಟ್‌ವೇರ್ ಬಗ್ಗೆ ಒಂದು ಪೇಪರ್ ಬರೆದರು. ಈ ಸಾಫ್ಟ್‌ವೇರ್ ಬಳಸಿದವರು ಇದನ್ನು ಉಲ್ಲೇಖಿಸಿ ಅಂತ ಅದರಲ್ಲೇ ಸೂಚಿಸಿದರು. ಜನ ವಿಧೇಯರಾಗಿ ಉಲ್ಲೇಖಿಸಿದರು. ಆ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 2ರ ಆಸುಪಾಸಿನಿಂದ ಮರುವರ್ಷ 50ರ ಹತ್ತಿರಕ್ಕೆ ಹಾರಿತು. ಅದೇ ಜರ್ನಲ್‌ನ ಉಳಿದ ಪೇಪರ್‌ಗಳು ಇದ್ದಲ್ಲೇ ಇದ್ದವು. ಆ ವರ್ಷ ಅಲ್ಲಿ ಪೇಪರ್ ಹಾಕಿದವರೆಲ್ಲ ತಮ್ಮ ಬಯೋಡೇಟಾದಲ್ಲಿ 50 ಅಂತ ಬರೆದುಕೊಳ್ಳಬಹುದಿತ್ತು. ಬರೆದುಕೊಂಡವರೂ ಇರಬಹುದು.

ಹಾಗಾದರೆ ಕ್ಷೇತ್ರ ಕ್ಷೇತ್ರಗಳ ನಡುವೆ ಹೋಲಿಸುವುದು ಹೇಗೆ? ಉಪಾಯ ಇದೆ. ಪ್ರತಿ ಪೇಪರನ್ನೂ ಅದರ ಓರಗೆಯವರ ಜೊತೆ ಮಾತ್ರ ಹೋಲಿಸುವುದು. ಅದೇ ಕ್ಷೇತ್ರ, ಅದೇ ವರ್ಷ, ಅದೇ ಬಗೆಯ ಪೇಪರ್. ಬೋರ್ಡಿನ ಮೇಲೆ ನೋಡಿ, ಇವು ಲೆಕ್ಕಕ್ಕೆ ಇಟ್ಟುಕೊಂಡ ಸಂಖ್ಯೆಗಳು. ಗಣಿತದ ಒಂದು ಪೇಪರಿಗೆ 12 ಸೈಟೇಶನ್, ಓರಗೆಯವರ ಸರಾಸರಿ 4. ಭಾಗಿಸಿದರೆ 3. ಜೀವವಿಜ್ಞಾನದ ಪೇಪರಿಗೆ 36, ಓರಗೆಯವರ ಸರಾಸರಿ 30. ಭಾಗಿಸಿದರೆ 1.2. ಹನ್ನೆರಡು ಮೂವತ್ತಾರನ್ನು ಹಿಂದೆ ಹಾಕಿತು. 1 ಅಂದರೆ ಜಗತ್ತಿನ ಸರಾಸರಿ, ಅದಕ್ಕಿಂತ ಮೇಲಿದ್ದರೆ ಚೆನ್ನಾಗಿದೆ ಅಂತ ಅರ್ಥ. ಈ ಲೆಕ್ಕ ಕಲಿತ ಹೊಸದರಲ್ಲಿ ನನಗೆ ಸ್ವರ್ಗವೇ ಸಿಕ್ಕಿತ್ತು. ಎಲ್ಲ ತೊಂದರೆಯೂ ಬಗೆಹರಿಯಿತು ಅಂದುಕೊಂಡೆ.

ಬಗೆಹರಿಯಲಿಲ್ಲ. ಪೇಪರಿನ ಕ್ಷೇತ್ರ ಯಾವುದು ಅಂತ ಹೇಳುವವರು ಯಾರು? ಸಾಮಾನ್ಯವಾಗಿ ಅದು ಬಂದ ಜರ್ನಲ್ ಯಾವ ಗುಂಪಿನಲ್ಲಿದೆಯೋ ಅದೇ ಪೇಪರಿನ ಕ್ಷೇತ್ರ. ಹೃದಯದ ಬಡಿತದ ಗಣಿತದ ಮೇಲೆ ಕೆಲಸ ಮಾಡುವವರೊಬ್ಬರು ಇದ್ದಾರೆ ಅಂತ ಇಟ್ಟುಕೊಳ್ಳಿ. ಪೇಪರನ್ನು ಗಣಿತದ ಜರ್ನಲ್‌ಗೆ ಕಳಿಸಿದರೆ ಅವರು ಹುಲಿ. ಅದೇ ಪೇಪರನ್ನು ಹೃದ್ರೋಗದ ಜರ್ನಲ್‌ಗೆ ಕಳಿಸಿದರೆ ಇಲಿ. ಒಂದಕ್ಷರ ಬದಲಾಗಿಲ್ಲ. ಎರಡು ಕ್ಷೇತ್ರಗಳ ಗಡಿಯಲ್ಲಿ ಕೂತವರಿಗೆ ಈ ಲೆಕ್ಕ ಯಾವಾಗಲೂ ಮೋಸ ಮಾಡುತ್ತದೆ.

ಇನ್ನೊಂದು ತೊಂದರೆ ಸಣ್ಣ ಸಂಖ್ಯೆಯದು. ಗಣಿತದ ಸರಾಸರಿ 4 ಇದ್ದಾಗ, ನಾಲ್ಕು ಜನ ಸ್ನೇಹಿತರು ಸೇರಿ ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡರೆ ಸಾಕು, ಸಂಖ್ಯೆ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಜೀವವಿಜ್ಞಾನದಲ್ಲಿ ಆ ನಾಲ್ಕು ಜನ ಕಾಣಿಸುವುದೇ ಇಲ್ಲ. ಇದು ಬರೀ ನನ್ನ ಅನುಮಾನ ಅಲ್ಲ. ಅತಿ ಹೆಚ್ಚು ಉಲ್ಲೇಖಿತ ಸಂಶೋಧಕರ ಪಟ್ಟಿಯನ್ನು ಪ್ರತಿ ವರ್ಷ ಹೊರತರುವ ಕ್ಲಾರಿವೇಟ್ ಕಂಪನಿ 2023ರಲ್ಲಿ ಗಣಿತವನ್ನು ಆ ಪಟ್ಟಿಯಿಂದ ಪೂರ್ತಿ ಕೈಬಿಟ್ಟಿತು. ಸಣ್ಣ ಸಂಖ್ಯೆಗಳನ್ನು ತಿರುಚುವುದು ಅಷ್ಟು ಸುಲಭ ಅಂತ.

'ಜಗತ್ತಿನ ಟಾಪ್ 2% ವಿಜ್ಞಾನಿಗಳು' ಅನ್ನುವ ಸುದ್ದಿ ನೀವೆಲ್ಲ ಓದಿರುತ್ತೀರಿ. ಜಾನ್ ಇಯೋನಿಡಿಸ್ ಮತ್ತು ಜೊತೆಗಾರರು 2019ರಲ್ಲಿ ಶುರು ಮಾಡಿದ ಪಟ್ಟಿ. ಸ್ಕೋಪಸ್ ಮಾಹಿತಿಯಿಂದ ಆರು ಅಳತೆಗಳನ್ನು ಬೆರೆಸಿ, ವಿಜ್ಞಾನವನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ಒಡೆದು ಮಾಡುತ್ತಾರೆ. ಒಬ್ಬರೇ ಬರೆದದ್ದೋ, ಮೊದಲ ಹೆಸರೋ, ಕೊನೆಯ ಹೆಸರೋ ಅಂತಲೂ ನೋಡುತ್ತಾರೆ. ಇದ್ದುದರಲ್ಲಿ ಎಚ್ಚರದಿಂದ ಮಾಡಿದ ಕೆಲಸ ಅಂತ ನನ್ನ ಅನಿಸಿಕೆ. ಆದರೆ ಅದರಲ್ಲಿ ಎರಡು ಪಟ್ಟಿಗಳಿವೆ. ಒಂದು ಇಡೀ ವೃತ್ತಿಜೀವನದ್ದು, ಇನ್ನೊಂದು ಒಂದೇ ವರ್ಷದ್ದು. ಸನ್ಮಾನದ ಫ್ಲೆಕ್ಸ್‌ನಲ್ಲಿ ಯಾವ ಪಟ್ಟಿ ಅಂತ ಬರೆದದ್ದನ್ನು ನಾನು ನೋಡಿಲ್ಲ.

ಈಗ ಸಹಯೋಗ. ನನಗೆ ಇಷ್ಟವಾದ ಭಾಗ.

1975ರಲ್ಲಿ ಭೌತವಿಜ್ಞಾನಿ ಜ್ಯಾಕ್ ಹೆದರಿಂಗ್ಟನ್ ಒಬ್ಬರೇ ಒಂದು ಪೇಪರ್ ಬರೆದು ಟೈಪ್ ಮಾಡಿ ಮುಗಿಸಿದ್ದರು. ಎಲ್ಲ ಕಡೆ 'ನಾವು' ಅಂತ ಬರೆದಿದ್ದರು. ಒಬ್ಬರೇ ಲೇಖಕರಿದ್ದಾಗ 'ನಾವು' ಅಂತ ಬರೆದರೆ ಆ ಜರ್ನಲ್ ಪೇಪರನ್ನು ವಾಪಸ್ ಕಳಿಸುತ್ತದೆ ಅಂತ ಸಹೋದ್ಯೋಗಿಯೊಬ್ಬರು ಎಚ್ಚರಿಸಿದರು. ಟೈಪ್‌ರೈಟರ್ ಕಾಲ, ಇಡೀ ಪೇಪರ್ ಮತ್ತೆ ಹೊಡೆಯಬೇಕು. ಯಾರಿಗೆ ಬೇಕು ಆ ರಗಳೆ? ಅವರು ತಮ್ಮ ಬೆಕ್ಕನ್ನು ಸಹಲೇಖಕನನ್ನಾಗಿ ಸೇರಿಸಿದರು. ಬೆಕ್ಕಿನ ಹೆಸರು ಚೆಸ್ಟರ್, ಪೇಪರಿನಲ್ಲಿ ಎಫ್.ಡಿ.ಸಿ. ವಿಲ್ಲಾರ್ಡ್. ಪೇಪರ್ ಅಚ್ಚಾಯಿತು. ಆ ಪೇಪರಿನ ಸೈಟೇಶನ್‌ಗಳಲ್ಲಿ ಬೆಕ್ಕಿಗೂ ಪಾಲಿದೆ. ನಗಬೇಡಿ, ಕೆಲಸ ಮಾಡದೆ ಹೆಸರು ಹಾಕಿಸಿಕೊಂಡವರನ್ನು ನೀವೂ ಬಲ್ಲಿರಿ. ಬೆಕ್ಕು ಯಾರನ್ನೂ ಒತ್ತಾಯಿಸಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನೊಂದು ತುದಿಗೆ ಹೋಗೋಣ. ಹಿಗ್ಸ್ ಬೋಸಾನ್ ಅನ್ನುವ ಕಣದ ದ್ರವ್ಯರಾಶಿ ಅಳೆದ 2015ರ ಪೇಪರಿಗೆ 5,154 ಲೇಖಕರು. 33 ಪುಟದಲ್ಲಿ 24 ಪುಟ ಬರೀ ಹೆಸರು ಮತ್ತು ಸಂಸ್ಥೆಗಳ ಪಟ್ಟಿ. ಇದನ್ನು ಪ್ರತಿಯೊಬ್ಬರಿಗೂ ಪೂರ್ತಿ ಒಂದು ಪೇಪರ್ ಅಂತ ಎಣಿಸಬೇಕಾ, 5,154ರಲ್ಲಿ ಒಂದು ಪಾಲು ಅಂತ ಎಣಿಸಬೇಕಾ? ಮೊದಲಿನ ಹಾಗೆ ಮಾಡಿದರೆ ಒಂದು ಕೆಲಸ ಐದು ಸಾವಿರ ಕೆಲಸ ಆಗುತ್ತದೆ. ಎರಡನೆಯ ಹಾಗೆ ಮಾಡಿದರೆ ಆ ಕಣವನ್ನು ಹುಡುಕಿದ ಯಂತ್ರಕ್ಕೆ ಹತ್ತು ವರ್ಷ ಕೊಟ್ಟವರ ಪಾಲಿಗೆ ಉಳಿಯುವುದು ಏನೂ ಇಲ್ಲ. ಎರಡೂ ಅನ್ಯಾಯವೇ. ಈ ಕಣಕ್ಕೆ ಹೆಸರು ಕೊಟ್ಟ ಪೀಟರ್ ಹಿಗ್ಸ್ 1964ರ ನಂತರ ಬರೆದದ್ದು ಹತ್ತಕ್ಕಿಂತ ಕಡಿಮೆ ಪೇಪರ್. ಇವತ್ತಿನ ವ್ಯವಸ್ಥೆಯಲ್ಲಿ ತನಗೆ ಕೆಲಸ ಸಿಗುತ್ತಿರಲಿಲ್ಲ ಅಂತ ಅವರೇ 2013ರಲ್ಲಿ ಹೇಳಿದ್ದರು.

ಹೆಸರಿನ ಕ್ರಮವೂ ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೈಯಾರೆ ಕೆಲಸ ಮಾಡಿದವರದು, ಕೊನೆಯ ಹೆಸರು ಗುಂಪಿನ ಮುಖ್ಯಸ್ಥರದು. ಗಣಿತದಲ್ಲಿ ಅಕ್ಷರಮಾಲೆಯ ಕ್ರಮ. ಈ ವ್ಯತ್ಯಾಸ ಗೊತ್ತಿಲ್ಲದ ಸಮಿತಿಯೊಂದರಲ್ಲಿ ಗಣಿತದವರೊಬ್ಬರಿಗೆ 'ನೀವು ಯಾವ ಪೇಪರಿನಲ್ಲೂ ಮೊದಲ ಲೇಖಕರಲ್ಲವಲ್ಲ' ಅಂತ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅವರ ಹೆಸರು ರೋಮನ್ ಅಕ್ಷರಮಾಲೆಯ ಕೊನೆಯ ಅಕ್ಷರದಿಂದ ಶುರುವಾಗುತ್ತಿತ್ತು. ಪಾಪ, ಏನು ಮಾಡಿಯಾರು?

ಸಹಯೋಗದ ಇನ್ನೊಂದು ರೂಪ ಪಾಲ್ ಏರ್ಡಿಶ್ ಅವರದು. ಸುಮಾರು 1,500 ಪೇಪರ್, 500ಕ್ಕೂ ಜಾಸ್ತಿ ಸಹಲೇಖಕರು. ಸೂಟ್‌ಕೇಸ್ ಹಿಡಿದು ಊರೂರು ಸುತ್ತಿ, ಯಾರ ಮನೆಯಲ್ಲಿ ಇಳಿದರೋ ಅವರ ಜೊತೆ ಕೂತು ಗಣಿತ ಮಾಡಿದವರು. ಅವರ ಜೊತೆ ಬರೆದವರಿಗೆ ಏರ್ಡಿಶ್ ಸಂಖ್ಯೆ 1, ಅಂಥವರ ಜೊತೆ ಬರೆದವರಿಗೆ 2, ಹೀಗೆ. ಇದು ತಮಾಷೆಗೆ ಹುಟ್ಟಿದ ಸಂಖ್ಯೆ. ಆದರೆ ಯಾರು ಯಾರಿಗೆ ಎಷ್ಟು ಹತ್ತಿರ ಅನ್ನುವ ಜಾಲವನ್ನು ಇದು ತೋರಿಸುತ್ತದೆ. ನಾನು ಕೊಡುವ ಪುಟದಲ್ಲಿ ಈಗ ಸಹಲೇಖಕರ ಒಂದು ಚಿತ್ರ ಹಾಕುತ್ತೇನೆ. ಪಿಎಚ್‌ಡಿ ಗೈಡ್ ಜೊತೆ ಮಾತ್ರ ಬರೆದಿದ್ದಾರಾ, ಆಮೇಲೆ ತಮ್ಮದೇ ದಾರಿ ಹಿಡಿದರಾ ಅಂತ ಅದರಲ್ಲಿ ಕಾಣುತ್ತದೆ. ಯಾವ ಎಚ್-ಇಂಡೆಕ್ಸೂ ಹೇಳದ ಸುದ್ದಿ ಅದು.

ಕೊನೆಗೆ, ಸೈಟೇಶನ್ ಯಾವಾಗಲೂ ಹೊಗಳಿಕೆಯಲ್ಲ. ಲಸಿಕೆಗೂ ಆಟಿಸಂಗೂ ನಂಟು ಹಚ್ಚಿದ ಆಂಡ್ರ್ಯೂ ವೇಕ್‌ಫೀಲ್ಡ್ ಅವರ 1998ರ ಪೇಪರನ್ನು ಜರ್ನಲ್ 2010ರಲ್ಲಿ ಹಿಂದಕ್ಕೆ ಪಡೆಯಿತು. ಅದಕ್ಕೆ ರಾಶಿ ಸೈಟೇಶನ್ ಇದೆ. ಹೆಚ್ಚಿನವರು ಉಲ್ಲೇಖಿಸಿದ್ದು ಅದು ತಪ್ಪು ಅಂತ ಹೇಳಲಿಕ್ಕೆ. ಲೆಕ್ಕದ ಯಂತ್ರಕ್ಕೆ ಬೈಗುಳವೂ ಒಂದು, ಶಹಭಾಸೂ ಒಂದು. ನನ್ನದೇ ಒಂದು ಸಣ್ಣ ಪೇಪರಿಗೆ, ಅಚ್ಚಿಗೆ ಮುಂಚೆ ಅದನ್ನು ಓದಿ ಅಭಿಪ್ರಾಯ ಹೇಳುವ ವಿಮರ್ಶಕರೊಬ್ಬರು ಐದು ಪೇಪರ್ ಉಲ್ಲೇಖಿಸಲು ಹೇಳಿದರು. ಐದರಲ್ಲೂ ಒಬ್ಬರದೇ ಹೆಸರು. ನಾನು ಸೇರಿಸಿದೆ. ಪೇಪರ್ ಬರಬೇಕಿತ್ತಲ್ಲ.

ಸೈಟೇಶನ್ ಇಲ್ಲದಿರುವುದಕ್ಕೂ ಅರ್ಥ ಇದೆ. ಮೆಂಡೆಲ್ ಬಟಾಣಿ ಗಿಡಗಳ ಬಗ್ಗೆ ಬರೆದದ್ದು 1866ರಲ್ಲಿ ಅಚ್ಚಾಯಿತು. 1900ರವರೆಗೆ ಅದನ್ನು ಉಲ್ಲೇಖಿಸಿದವರು ಬೆರಳೆಣಿಕೆಯಷ್ಟು. ಮೂರು ವರ್ಷಕ್ಕೊಮ್ಮೆ ಸಂಖ್ಯೆ ಕೇಳುವ ಸಮಿತಿ ಇದ್ದಿದ್ದರೆ? ಇನ್ನು ಸತ್ಯೇಂದ್ರನಾಥ ಬೋಸ್. ಅವರ 1924ರ ಪೇಪರನ್ನು ಐನ್‌ಸ್ಟೈನ್ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಅವರ ಹೆಸರಿನಿಂದ ಬಂದ ಬೋಸಾನ್ ಅನ್ನುವ ಮಾತು ಇವತ್ತು ಎಷ್ಟು ಪೇಪರ್‌ಗಳಲ್ಲಿದೆ! ಹೆಚ್ಚಿನವರು 1924ರ ಪೇಪರನ್ನು ಪಟ್ಟಿಯಲ್ಲಿ ಹಾಕುವ ಗೋಜಿಗೆ ಹೋಗುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಕೆಲಸ ತೀರ ದೊಡ್ಡದಾದರೆ ಅದು ಎಲ್ಲರ ಮಾತಾಗುತ್ತದೆ, ಲೆಕ್ಕದಿಂದ ಜಾರಿಬಿಡುತ್ತದೆ.

ನೀವು ಈಗ ಏನು ಮಾಡುತ್ತೀರಿ ಅಂತ ಕೇಳಬಹುದು. ಇದರ ಬಗ್ಗೆ ದೊಡ್ಡ ದೊಡ್ಡ ಘೋಷಣೆಗಳಾಗಿವೆ. ಜರ್ನಲ್‌ನ ಸಂಖ್ಯೆಯಿಂದ ಮನುಷ್ಯರನ್ನು ಅಳೆಯಬೇಡಿ ಅಂತ ಡೋರಾ ಅನ್ನುವ ಘೋಷಣೆ 2012ರ ಸಭೆಯೊಂದರಿಂದ ಹುಟ್ಟಿತು. 2015ರಲ್ಲಿ ಲೈಡನ್ ಮ್ಯಾನಿಫೆಸ್ಟೋ ಹತ್ತು ಸೂತ್ರ ಹೇಳಿತು. ಒಳ್ಳೆಯ ಮಾತುಗಳು. ನಾನು ಮಾಡುವುದು ಸಣ್ಣದು. ಪುಟದ ಮೇಲೆ ಒಂಟಿ ಸಂಖ್ಯೆ ಹಾಕುವುದಿಲ್ಲ. ಯಾವ ಡೇಟಾಬೇಸ್, ಯಾವ ತಾರೀಖು ಅಂತ ಬರೆಯುತ್ತೇನೆ. ಸರಾಸರಿಯ ಬದಲು, ಓರಗೆಯ ಪೇಪರ್‌ಗಳಲ್ಲಿ ಮೊದಲ ಹತ್ತು ಶೇಕಡಾದೊಳಗೆ ಇವರವು ಎಷ್ಟಿವೆ ಅಂತ ಹಾಕುತ್ತೇನೆ. ಒಂದು ಪೇಪರ್ ಆಕಾಶಕ್ಕೆ ಹಾರಿದರೂ ಅದು ಕೆಡುವುದಿಲ್ಲ. ಆಮೇಲೆ ಸಂಶೋಧಕರಿಗೇ ಫೋನ್ ಮಾಡಿ, ನಿಮ್ಮ ಮೂರು ಪೇಪರ್ ಆರಿಸಿ, ಒಂದೊಂದರಲ್ಲೂ ನೀವು ಮಾಡಿದ್ದೇನು ಅಂತ ಎರಡು ಸಾಲು ಬರೆದುಕೊಡಿ ಅನ್ನುತ್ತೇನೆ. ಬೇರೆ ಕ್ಷೇತ್ರದವರು ಅಕ್ಕಪಕ್ಕ ಬಂದಾಗ ಎರಡು ಬೇರೆ ಹಾಳೆಯಲ್ಲಿ ಕೊಡುತ್ತೇನೆ. ಒಂದೇ ಹಾಳೆಯಲ್ಲಿದ್ದರೆ ಕಣ್ಣು ತಾನಾಗಿಯೇ ಹೋಲಿಸುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು: "ಸರ್, ಬೋರ್ಡಿನ ಮೇಲಿದ್ದ 14, 42 ನಿಜವಾದವರದಾ? ಕೊನೆಗೆ ಯಾರಿಗೆ ಸಿಕ್ಕಿತು?"

ನಿಜವಾದವರದೇ. ಒಂದೇ ದಿನ, ಒಂದೇ ಸಮಿತಿಯ ಮುಂದೆ ಬಂದ ಎರಡು ಫೈಲು. ಇಬ್ಬರಿಗೂ ಸಿಗಲಿಲ್ಲ. ಮೂರನೆಯ ಫೈಲೊಂದಿತ್ತು, ಇತಿಹಾಸದವರದು. ಸಮಿತಿಯಲ್ಲಿದ್ದ ಇಬ್ಬರು ಅವರ ಪುಸ್ತಕ ಪೂರ್ತಿ ಓದಿ ಬಂದಿದ್ದರು, ವಾದ ಮಾಡಿದರು, ಗೆದ್ದರು.

"ಅವರ ಎಚ್-ಇಂಡೆಕ್ಸ್ ಎಷ್ಟಿತ್ತು?"

ಅವರದು ಎರಡು ಪುಸ್ತಕ, ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ. ಯಾವ ಡೇಟಾಬೇಸ್‌ನಲ್ಲೂ ಸಿಕ್ಕಿರಲಿಲ್ಲ. ಆ ಕಾಲಂನಲ್ಲಿ ಸೊನ್ನೆ ಹಾಕಲು ಮನಸ್ಸು ಬರದೆ ನಾನು ಒಂದು ಗೀಟು ಎಳೆದಿದ್ದೆ.